ಯುರೇನಿಯಂ ವ್ಯಾಪಾರದಲ್ಲಿ ದುಡ್ಡು ಸೋರುವುದು ಎಲ್ಲಿ?

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ: ಹಿಲರಿ ಕ್ಲಿಂಟನ್ ಲಂಚ ಪಡೆದು ಅಮೆರಿಕದ ಶೇ 20ರಷ್ಟು ಯುರೇನಿಯಂ ಅನ್ನು ರಷ್ಯಾಕ್ಕೆ ಮಾರಿದರಂತೆ. ಅದರ ಕೆಳಗೆ ಒಬ್ಬರು ‘ನಮ್ಮ ರತ್ನಹಳ್ಳಿಯಲ್ಲೂ ಏನೇನು ನಡೆಯುತ್ತಿದೆಯೋ ಯಾರಿಗೆ ಗೊತ್ತು’ ಎಂದು ಬರೆದರು. ರತ್ನಹಳ್ಳಿಯಲ್ಲಿ ಯುರೇನಿಯಂ ಘಟಕವಿದೆಯಲ್ಲ, ನಮ್ಮ ಮನೆ ಅಲ್ಲೇ ಮೈಸೂರಿನ ಇಲವಾಲದ ಹತ್ತಿರ, ಊರು ಪಾಂಡವಪುರದ ಕಡೆ, ಕಬ್ಬಿನ ಗದ್ದೆಯಿದೆ. ಆ ಸಂದೇಶದಲ್ಲಿ ನಿಜವೆಷ್ಟು? ಇಷ್ಟೊಂದು ಕಾವಲಿರುವ ವಸ್ತುವಿನಲ್ಲಿ ಭ್ರಷ್ಟಾಚಾರ ಹೇಗೆ ಸಾಧ್ಯ? ನಮ್ಮಂಥವರು ಏನನ್ನಾದರೂ ಪರಿಶೀಲಿಸಬಹುದೇ?

ಉತ್ತರ: ಸಂದೇಶದಲ್ಲಿ ಎರಡು ಬೇರೆ ಬೇರೆ ಪ್ರಕರಣಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆ. ಒಂದರಲ್ಲಿ ಅಪರಾಧ ಸಾಬೀತಾಗಿ ಜನ ಜೈಲಿಗೆ ಹೋದರು. ಇನ್ನೊಂದರಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿದ್ದವು, ಲಂಚ ಮಾತ್ರ ಸಾಬೀತಾಗಲಿಲ್ಲ. ನೀವು ಕಬ್ಬು ಬೆಳೆಯುವವರಾದ್ದರಿಂದ ವಿಷಯ ಬೇಗ ಅರ್ಥವಾಗುತ್ತದೆ. ಕಾರ್ಖಾನೆಗೆ ಲೋಡ್ ಹೋದಾಗ ನಿಮಗೆ ಅನುಮಾನ ಬರುವ ಜಾಗಗಳು ಮೂರು: ವೇಬ್ರಿಡ್ಜ್‌ನ ತೂಕ, ಸಕ್ಕರೆ ಇಳುವರಿಯ ಶೇಕಡಾವಾರು, ಕಟಾವು ಮತ್ತು ಸಾಗಣೆಯ ಬಿಲ್ಲು. ಯುರೇನಿಯಂನಲ್ಲೂ ಇವೇ ಮೂರು ಜಾಗಗಳಿವೆ. ಮೋಸ ಮಾಡಲು ಅತಿ ಕಷ್ಟವಾದದ್ದು ತೂಕ. ಉಳಿದೆರಡರಲ್ಲಿ ಕೋಟಿಗಟ್ಟಲೆ ಡಾಲರ್ ಸೋರಿಹೋಗಿದೆ. ನಾಲ್ಕನೆಯದೊಂದು ಜಾಗವೂ ಇದೆ, ಬಿಡಿಭಾಗಗಳ ಪ್ರಮಾಣಪತ್ರ. ಅದು ಎಲ್ಲಕ್ಕಿಂತ ಅಪಾಯಕಾರಿ.

ಮೊದಲು ಶೇ 20ರ ಕಥೆ. ಯುರೇನಿಯಂ ಒನ್ ಎಂಬುದು ಆಗ ಕೆನಡಾದ ಕಂಪನಿ. ಕಜಕಿಸ್ತಾನದಲ್ಲಿ ಗಣಿಗಳ ಪಾಲು ಹೊಂದಿದ್ದ ಯುರೇಷಿಯಾ ಎನರ್ಜಿ 2007ರಲ್ಲಿ ಅದರೊಳಗೆ ವಿಲೀನವಾಯಿತು. ರಷ್ಯಾ ಸರ್ಕಾರದ ರೊಸಾಟಮ್ ಸಂಸ್ಥೆ ತನ್ನ ಅಂಗಸಂಸ್ಥೆಯ ಮೂಲಕ 2009ರಲ್ಲಿ ಶೇ 17ರಷ್ಟು ಷೇರು ಕೊಂಡಿತು, 2010ರಲ್ಲಿ ಶೇ 51ಕ್ಕೆ ಏರಿಸಿತು, 2013ರಲ್ಲಿ ಪೂರ್ತಿ ತೆಗೆದುಕೊಂಡಿತು. ಕಂಪನಿಗೆ ಅಮೆರಿಕದ ವಯೋಮಿಂಗ್‌ನಲ್ಲೂ ಗಣಿಯಿತ್ತು. ಆದ್ದರಿಂದ ವಿದೇಶಿ ಹೂಡಿಕೆ ಪರಿಶೀಲಿಸುವ ಅಮೆರಿಕದ ಸಮಿತಿ 2010ರ ಅಕ್ಟೋಬರ್‌ನಲ್ಲಿ, ಅಲ್ಲಿನ ಅಣು ನಿಯಂತ್ರಣ ಆಯೋಗ ಅದರ ಮುಂದಿನ ತಿಂಗಳು ಒಪ್ಪಿಗೆ ಕೊಡಬೇಕಾಯಿತು. ಆ ಸಮಿತಿಯಲ್ಲಿ ಮತ ಇರುವ ಇಲಾಖೆಗಳು ಒಂಬತ್ತು. ಹಿಲರಿ ಕ್ಲಿಂಟನ್ ಅವರ ವಿದೇಶಾಂಗ ಇಲಾಖೆ ಅವುಗಳಲ್ಲಿ ಒಂದು. ವ್ಯವಹಾರವನ್ನು ತಡೆಯುವ ಅಧಿಕಾರ ಇದ್ದದ್ದು ಅಧ್ಯಕ್ಷರಿಗೆ ಮಾತ್ರ.

‘ಶೇ 20’ ಎಂಬುದು ಆಗ ಅಮೆರಿಕದಲ್ಲಿ ಪರವಾನಗಿ ಪಡೆದಿದ್ದ ಉತ್ಪಾದನಾ ಸಾಮರ್ಥ್ಯದ ಪಾಲು. ಇದ್ದ ದಾಸ್ತಾನಿನ ಐದನೇ ಒಂದು ಭಾಗವನ್ನು ಹಡಗಿಗೆ ತುಂಬಿ ಕಳಿಸಿದರು ಎಂದು ಓದಿಕೊಂಡರೆ ತಪ್ಪಾಗುತ್ತದೆ. ಆಲೆಮನೆಗೆ ದಿನಕ್ಕೆ ಹತ್ತು ಟನ್ ಅರೆಯುವ ಪರವಾನಗಿ ಇದ್ದ ಮಾತ್ರಕ್ಕೆ ಹತ್ತು ಟನ್ ಕಬ್ಬು ಅರೆದಂತಾಗುವುದಿಲ್ಲವಲ್ಲ. ಕಂಪನಿಯ ಬಳಿ ರಫ್ತು ಪರವಾನಗಿಯೂ ಇರಲಿಲ್ಲ. ಒಂದಿಷ್ಟು ಸರಕು ಒಂದು ಸಾಗಣೆ ಸಂಸ್ಥೆಯ ಪರವಾನಗಿಯಡಿ ಕೆನಡಾಕ್ಕೆ ಸಂಸ್ಕರಣೆಗೆ ಹೋಯಿತು. ಕೊನೆಗೆ 2021ರಲ್ಲಿ ಅದೇ ಅಮೆರಿಕದ ಆಸ್ತಿಗಳನ್ನು ರಷ್ಯಾದವರಿಂದ ಅಮೆರಿಕದ ಯುರೇನಿಯಂ ಎನರ್ಜಿ ಕಾರ್ಪೊರೇಷನ್ 11.2 ಕೋಟಿ ಡಾಲರ್‌ಗೆ ವಾಪಸ್ ಕೊಂಡಿತು. ವಾಟ್ಸ್ಆ್ಯಪ್ ಸಂದೇಶದಲ್ಲಿ ಈ ಸಾಲು ಯಾವತ್ತೂ ಇರುವುದಿಲ್ಲ.

ಹಾಗಂತ ಎಲ್ಲವೂ ಚೊಕ್ಕಟ ಎನ್ನುವಂತಿಲ್ಲ. ರಷ್ಯಾದವರು ಹಂತಹಂತವಾಗಿ ಕಂಪನಿಯನ್ನು ಕೊಳ್ಳುತ್ತಿದ್ದ ವರ್ಷಗಳಲ್ಲಿ ಯುರೇನಿಯಂ ಒನ್ ಅಧ್ಯಕ್ಷರ ಕುಟುಂಬದ ಪ್ರತಿಷ್ಠಾನದಿಂದ ಕ್ಲಿಂಟನ್ ಪ್ರತಿಷ್ಠಾನಕ್ಕೆ ಕಂತುಗಳಲ್ಲಿ ಒಟ್ಟು 23.5 ಲಕ್ಷ ಡಾಲರ್ ದೇಣಿಗೆ ಹೋಗಿತ್ತು, ಅದನ್ನು ಬಹಿರಂಗಪಡಿಸಿರಲಿಲ್ಲ. 2010ರ ಜೂನ್‌ನಲ್ಲಿ ಬಿಲ್ ಕ್ಲಿಂಟನ್ ಮಾಸ್ಕೋದಲ್ಲಿ ಒಂದು ಭಾಷಣಕ್ಕೆ 5 ಲಕ್ಷ ಡಾಲರ್ ಪಡೆದರು. ಹೇಳುತ್ತೇವೆ ಎಂದು ಮಾತು ಕೊಟ್ಟ ದೇಣಿಗೆಯನ್ನು ಹೇಳದೆ ಇದ್ದದ್ದು ಗಂಭೀರ ತಪ್ಪೇ. ಆದರೆ ದೇಣಿಗೆಗೂ ಒಪ್ಪಿಗೆಗೂ ಕೊಂಡಿ ಹಾಕುವ ಸಾಕ್ಷ್ಯ ಸಿಗಲಿಲ್ಲ. ಟ್ರಂಪ್ ಅವರ ಮೊದಲ ಅವಧಿಯಲ್ಲೇ ನ್ಯಾಯ ಇಲಾಖೆ ಇದನ್ನೆಲ್ಲ ಮರುಪರಿಶೀಲಿಸಿತು, ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಇನ್ನು ಸಾಬೀತಾದ ಪ್ರಕರಣ. ಇದು ಸಾಗಣೆ ಬಿಲ್ಲಿನದು. ಸೋವಿಯತ್ ಕಾಲದ ಅಣು ಸಿಡಿತಲೆಗಳ 500 ಟನ್ ಯುರೇನಿಯಂ ಅನ್ನು ತೆಳುಮಾಡಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಕೊಡುವ ಒಪ್ಪಂದ 1993ರಿಂದ 2013ರವರೆಗೆ ನಡೆಯಿತು. ಮಾರುತ್ತಿದ್ದದ್ದು ರೊಸಾಟಮ್‌ನ ಅಂಗಸಂಸ್ಥೆ ಟೆನೆಕ್ಸ್. ಅದರ ಅಧಿಕಾರಿ ವಾದಿಮ್ ಮಿಕೆರಿನ್ ಸಾಗಣೆ ಗುತ್ತಿಗೆಗಳನ್ನು ನೋಡಿಕೊಳ್ಳುತ್ತಿದ್ದರು. ಗುತ್ತಿಗೆ ಹಿಡಿದವರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಟ್ರಾನ್ಸ್‌ಪೋರ್ಟ್ ಲಾಜಿಸ್ಟಿಕ್ಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಇತ್ತು. ಲಂಚ ಹರಿದ ದಾರಿ ಹೀಗಿತ್ತು. ಸಾಗಣೆ ದರದಲ್ಲೇ ಲಂಚದ ಪಾಲನ್ನು ಸೇರಿಸಿಕೊಳ್ಳಬೇಕು. ಹಣ ಬಂದ ಮೇಲೆ ಟೆನೆಕ್ಸ್ ಕೊಟ್ಟಂತೆ ಕಾಣುವ ನಕಲಿ ಇನ್‌ವಾಯ್ಸ್ ತಯಾರಾಗಬೇಕು, ಅದರಲ್ಲಿ ಮಾಡದೇ ಇದ್ದ ಸೇವೆಯ ವಿವರ ಇರಬೇಕು. ಆ ಬಿಲ್ಲಿನ ಮೇಲೆ ಲಾಟ್ವಿಯಾ, ಸೈಪ್ರಸ್, ಸ್ವಿಟ್ಜರ್ಲೆಂಡ್‌ಗಳ ಹೆಸರಿಗಷ್ಟೇ ಇರುವ ಕಂಪನಿಗಳ ಖಾತೆಗೆ ಹಣ ಹೋಗಬೇಕು. ಇಮೇಲ್‌ನಲ್ಲಿ ಲಂಚ ಎಂಬ ಪದ ಬರೆಯುವಂತಿರಲಿಲ್ಲ. ‘ಅದೃಷ್ಟದ ಅಂಕಿ’, ‘ಕೇಕ್’ ಎಂದು ಬರೆದುಕೊಳ್ಳುತ್ತಿದ್ದರು. ಮಿಕೆರಿನ್ ತಪ್ಪೊಪ್ಪಿಕೊಂಡು 2015ರ ಡಿಸೆಂಬರ್‌ನಲ್ಲಿ 48 ತಿಂಗಳ ಶಿಕ್ಷೆಗೆ ಗುರಿಯಾದರು, ಸುಮಾರು 21.26 ಲಕ್ಷ ಡಾಲರ್ ಮುಟ್ಟುಗೋಲಾಯಿತು. ಸಾಗಣೆ ಕಂಪನಿ 2018ರಲ್ಲಿ 20 ಲಕ್ಷ ಡಾಲರ್ ದಂಡ ಕಟ್ಟಿತು. ಅದರ ಸಹ-ಅಧ್ಯಕ್ಷರಿಗೂ 2020ರಲ್ಲಿ 48 ತಿಂಗಳ ಸಜೆಯಾಯಿತು.

ಗಮನಿಸಿ, ಈ ಪ್ರಕರಣದಲ್ಲಿ ಒಂದು ಗ್ರಾಂ ಯುರೇನಿಯಂ ಕೂಡ ಕಾಣೆಯಾಗಿಲ್ಲ. ಪ್ರತಿ ಸಿಲಿಂಡರ್ ತಲುಪಬೇಕಾದ ಜಾಗಕ್ಕೆ ತಲುಪಿದೆ, ಮೊಹರು ಒಡೆದಿಲ್ಲ. ಭದ್ರತಾ ತಪಾಸಣೆಯಲ್ಲಿ ನೂರಕ್ಕೆ ನೂರು ಅಂಕ. ಹಣ ಹೋದದ್ದು ಸಾಗಣೆ ದರದೊಳಗಿಂದ. ಅಣು ವಸ್ತುವನ್ನು ಸಾಗಿಸುವ ಪರವಾನಗಿ ಇರುವ ಕಂಪನಿಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಪೈಪೋಟಿಯ ದರವಿಲ್ಲ, ಇದು ಜಾಸ್ತಿಯಾಯಿತು ಎಂದು ಹೋಲಿಸಿ ಹೇಳುವವರೂ ಇಲ್ಲ. ಉಕ್ರೇನ್‌ನ ಭ್ರಷ್ಟಾಚಾರ ತನಿಖಾ ಸಂಸ್ಥೆ 2025ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಅಣು ವಿದ್ಯುತ್ ಕಂಪನಿ ಎನರ್ಗೋಆಟಮ್ ಮೇಲೆ ಹೊರಿಸಿದ ಆರೋಪದ ಜಾಡೂ ಇದೇ: ಗುತ್ತಿಗೆದಾರರು ಶೇ 10ರಿಂದ 15 ಕೊಡದಿದ್ದರೆ ಬಿಲ್ ತಡೆಹಿಡಿಯುತ್ತಿದ್ದರು ಎಂದು. ಅದು ಇನ್ನೂ ನ್ಯಾಯಾಲಯದಲ್ಲಿ ಸಾಬೀತಾಗಬೇಕು.

ಇಳುವರಿಯ ವಿಷಯಕ್ಕೆ ಬರುತ್ತೇನೆ, ದೊಡ್ಡ ಮೊತ್ತ ಮುಳುಗುವುದು ಇಲ್ಲಿ. ನಿಮ್ಮ ಪಕ್ಕದ ಶ್ರೀರಂಗಪಟ್ಟಣ–ಪಾಂಡವಪುರ ಭಾಗದ ಮರಳಗಾಲ, ಅಲ್ಲಾಪಟ್ಟಣದ ಲಿಥಿಯಂ ಸುದ್ದಿ ನೆನಪಿರಬೇಕು. 2020ರ ಆರಂಭದಲ್ಲಿ 14,100 ಟನ್ ಎಂದು ಓದಿದೆವು. ಮರುವರ್ಷ ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಅಂಕಿ 1,600 ಟನ್, ಅದೂ ‘ಊಹಿತ’ ವರ್ಗದ ಸಂಪನ್ಮೂಲ. ಇದರಲ್ಲಿ ಯಾರದೂ ಮೋಸವಿಲ್ಲ. ಮೇಲ್ಮೈ ಸಮೀಕ್ಷೆ, ಅಲ್ಲೊಂದು ಇಲ್ಲೊಂದು ಕೊಳವೆ ಕೊರೆತದಿಂದ ಬರುವ ಅಂದಾಜು ಹೀಗೆಯೇ ಮೇಲೆ ಕೆಳಗೆ ಆಗುತ್ತದೆ. ಊಹಿತ, ಸೂಚಿತ, ಅಳೆದದ್ದು ಎಂದು ಮೂರು ಮೆಟ್ಟಿಲುಗಳಿವೆ. ಇವನ್ನೆಲ್ಲ ದಾಟಿ, ಖರ್ಚು ಕಳೆದು ಲಾಭಕ್ಕೆ ತೆಗೆಯಬಹುದು ಎಂದು ಲೆಕ್ಕ ಹಾಕಿದ ಮೇಲಷ್ಟೇ ಅದನ್ನು ‘ನಿಕ್ಷೇಪ’ ಎನ್ನಬೇಕು. ಕೆಳ ಮೆಟ್ಟಿಲಿನ ಅಂಕಿಯನ್ನು ಮೇಲ್ಮೆಟ್ಟಿಲಿನ ಬೆಲೆಗೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್‌ನ ಅಣು ಕಂಪನಿ ಅರೆವಾ ಸಾಕ್ಷಿ.

ಫ್ರಾನ್ಸ್ ಸರ್ಕಾರದ ಹಿಡಿತದಲ್ಲಿದ್ದ ಅರೆವಾ 2007ರಲ್ಲಿ ಯುರಾಮಿನ್ ಎಂಬ ಸಣ್ಣ ಕಂಪನಿಯನ್ನು ಸುಮಾರು 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಯುರೇನಿಯಂ ಬೆಲೆ ಪೌಂಡ್‌ಗೆ 136 ಡಾಲರ್ ಮುಟ್ಟಿದ್ದ ಬೇಸಿಗೆ ಅದು. ಯುರಾಮಿನ್ ಬಳಿ ಇದ್ದದ್ದು ನಮೀಬಿಯಾ, ಮಧ್ಯ ಆಫ್ರಿಕಾ ಗಣರಾಜ್ಯ, ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ಉತ್ಪಾದನೆ ಶುರುವಾಗದ ಮೂರು ತಾಣಗಳು. ನಮೀಬಿಯಾದ ಟ್ರೆಕೋಪ್ಯೆಯಲ್ಲಿ ಒಂದು ಟನ್ ಅದಿರಿಗೆ ನೂರು–ನೂರೈವತ್ತು ಗ್ರಾಂ ಮಾತ್ರ ಯುರೇನಿಯಂ. ಕೆನಡಾದ ಸಿಗಾರ್ ಲೇಕ್ ಗಣಿಯಲ್ಲಿ ಅದೇ ಒಂದು ಟನ್‌ಗೆ ನೂರು ಕಿಲೊ ಮೀರುತ್ತದೆ. ಇಷ್ಟು ಬಡ ಅದಿರನ್ನು ರಾಶಿ ಹಾಕಿ, ಕ್ಷಾರದ ದ್ರಾವಣ ಹರಿಸಿ ಕರಗಿಸಬೇಕು. ಅದಕ್ಕೆ ಬೇಕಾದ ನೀರು ಮರುಭೂಮಿಯಲ್ಲಿಲ್ಲ. ಹಾಗಾಗಿ ಸಮುದ್ರದ ದಡದಲ್ಲಿ ಉಪ್ಪುನೀರು ಸಿಹಿ ಮಾಡುವ ಘಟಕವನ್ನೇ ಕಟ್ಟಬೇಕಾಯಿತು. 2011ರಲ್ಲಿ ಅರೆವಾ ಈ ಖರೀದಿಯ ಮೌಲ್ಯದಿಂದ 146 ಕೋಟಿ ಯೂರೊ ತಗ್ಗಿಸಿ ಬರೆಯಿತು, ಮರುವರ್ಷ ಟ್ರೆಕೋಪ್ಯೆ ನಿಂತಿತು. ಆಗಿನ ಮುಖ್ಯಸ್ಥೆ ಆನ್ ಲೊವೆರ್ಜೊನ್ ಅವರ ಮೇಲೆ ಲೆಕ್ಕಪತ್ರದ ವಿಚಾರವಾಗಿ, ಅವರ ಪತಿಯ ಮೇಲೆ ಒಳಮಾಹಿತಿ ಬಳಸಿದ ಷೇರು ವ್ಯವಹಾರದ ವಿಚಾರವಾಗಿ 2016ರಲ್ಲಿ ಔಪಚಾರಿಕ ತನಿಖೆ ಶುರುವಾಯಿತು. ಇಬ್ಬರೂ ಆರೋಪ ಅಲ್ಲಗಳೆದಿದ್ದಾರೆ.

ಇಳುವರಿಯ ಇನ್ನೊಂದು ಸೂಕ್ಷ್ಮ ಗುತ್ತಿಗೆಯ ಪತ್ರದೊಳಗೆ ಅಡಗಿರುತ್ತದೆ, ಪತ್ರಿಕೆಗಳಲ್ಲಿ ಬರುವುದೇ ಇಲ್ಲ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯಲ್ಲಿ ಇನ್ನೂ ಎಷ್ಟು ಸಿಹಿ ಉಳಿದಿದೆ ಎಂಬುದು ಹೇಗೆ ಮುಖ್ಯವೋ, ಪುಷ್ಟೀಕರಣದಲ್ಲೂ, ಅಂದರೆ ಯುರೇನಿಯಂನಲ್ಲಿ ಉರಿಯುವ ಅಂಶದ ಪಾಲು ಹೆಚ್ಚಿಸುವ ಕೆಲಸದಲ್ಲೂ, ಹಾಗೆಯೇ. ಸಹಜ ಯುರೇನಿಯಂನಲ್ಲಿ ಉರಿಯುವ ಅಂಶ, ಅಂದರೆ ಯುರೇನಿಯಂ-235, ಶೇ 0.711. ಅದನ್ನು ಶೇ 4.5ಕ್ಕೆ ಏರಿಸಬೇಕು ಎನ್ನಿ. ಉಳಿಕೆಯಲ್ಲಿ ಶೇ 0.25 ಬಿಟ್ಟರೆ ಒಂದು ಕಿಲೊ ಉತ್ಪನ್ನಕ್ಕೆ 9.22 ಕಿಲೊ ಸಹಜ ಯುರೇನಿಯಂ ಸಾಕು. ಶೇ 0.30 ಬಿಟ್ಟರೆ 10.22 ಕಿಲೊ ಬೇಕು. ವ್ಯತ್ಯಾಸ ಒಂದು ಕಿಲೊ. ಒಂದು ಕಿಲೊ ಯುರೇನಿಯಂ ಎಂದರೆ 2.6 ಪೌಂಡ್ ಆಕ್ಸೈಡ್ (ಯುರೇನಿಯಂ ಮಾರಾಟವಾಗುವ ಪುಡಿಯ ರೂಪ), ಪೌಂಡ್‌ಗೆ 80 ಡಾಲರ್ ಎಂದು ಹಿಡಿದರೆ 208 ಡಾಲರ್. ವರ್ಷಕ್ಕೆ 20 ಟನ್ ಇಂಧನ ತೆಗೆದುಕೊಳ್ಳುವ ಸ್ಥಾವರಕ್ಕೆ ಇದು 41.6 ಲಕ್ಷ ಡಾಲರ್. ಗ್ರಾಹಕ 0.30ರ ಲೆಕ್ಕದಲ್ಲಿ ಕಚ್ಚಾ ಸರಕು ಕೊಟ್ಟು, ಘಟಕ 0.25ರ ಲೆಕ್ಕದಲ್ಲಿ ಯಂತ್ರ ಓಡಿಸಿದರೆ ಉಳಿದ ಯುರೇನಿಯಂ ಘಟಕದ್ದಾಗುತ್ತದೆ. ಇದು ಕಾನೂನುಬದ್ಧ. ಯಂತ್ರ ಹೆಚ್ಚು ದುಡಿಯುವ ಖರ್ಚೂ ಘಟಕದ್ದೇ: ಪ್ರತ್ಯೇಕಿಸುವ ಕೆಲಸದ ಅಳತೆ ಪ್ರತಿ ಕಿಲೊಗೆ 6.23ರಿಂದ 6.87ಕ್ಕೆ ಏರುತ್ತದೆ. ಆದರೆ ಕೊಳ್ಳುವ ಕಡೆಯ ಅಧಿಕಾರಿಗೆ ಈ ಗಣಿತ ಬರದಿದ್ದರೆ, ಬಂದೂ ಸುಮ್ಮನಿದ್ದರೆ, ನಷ್ಟ ಯಾವ ಆಡಿಟ್‌ನಲ್ಲೂ ಸುಲಭವಾಗಿ ಕಾಣುವುದಿಲ್ಲ.

ತೂಕದಲ್ಲಿ ಮೋಸ ಏಕೆ ಕಷ್ಟ ಎನ್ನುವಾಗ ರತ್ನಹಳ್ಳಿಯ ಮಾತು ಬರುತ್ತದೆ. ಅಲ್ಲಿರುವ ರೇರ್ ಮೆಟೀರಿಯಲ್ಸ್ ಪ್ಲಾಂಟ್ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕ. ಸೆಂಟ್ರಿಫ್ಯೂಜ್ ಎಂಬ ಅತಿವೇಗದ ಯಂತ್ರಗಳಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ತಿರುಗಿಸಿ ಪುಷ್ಟೀಕರಿಸುತ್ತಾರೆ, ನೌಕಾಪಡೆಯ ಜಲಾಂತರ್ಗಾಮಿಯ ಇಂಧನ ಇದರ ಮುಖ್ಯ ಉದ್ದೇಶ. ಇಂಥ ಘಟಕದಲ್ಲಿ ಲೆಕ್ಕದ ಸೂತ್ರ ಸರಳ: ಆರಂಭದ ದಾಸ್ತಾನು, ಅದಕ್ಕೆ ಕೂಡಿಸಿದ ಒಳಬಂದದ್ದು, ಕಳೆದ ಹೊರಹೋದದ್ದು, ಕೊನೆಗೆ ಕೈಯಲ್ಲಿರುವುದು. ಉಳಿಯುವ ವ್ಯತ್ಯಾಸವೇ ‘ಲೆಕ್ಕಕ್ಕೆ ಸಿಗದ ವಸ್ತು’. ಪೈಪಿನ ಒಳಗೋಡೆಗೆ ಅಂಟುವುದು, ಶೋಧಕದಲ್ಲಿ ಸಿಕ್ಕಿಕೊಳ್ಳುವುದು ಇದ್ದೇ ಇರುವುದರಿಂದ ಅದು ಸೊನ್ನೆ ಆಗುವುದಿಲ್ಲ. ಅಳತೆಯ ದೋಷದ ಮಿತಿ ದಾಟಿದರೆ ಮಾತ್ರ ಕೆಲಸ ನಿಲ್ಲಿಸಿ ಹುಡುಕಬೇಕು. ಸಿಲಿಂಡರ್ ತೂಗುವುದರ ಜೊತೆಗೆ ಒಳಗಿನ ಅನಿಲದ ಮಾದರಿ ತೆಗೆದು ಯುರೇನಿಯಂ-235ರ ಶೇಕಡಾವಾರನ್ನೂ ಅಳೆಯುತ್ತಾರೆ. ಹಾಗಾಗಿ ತೂಕ ಸರಿಹೊಂದಿಸಿ ಸರಕು ಬದಲಿಸಿದರೂ ಸಿಕ್ಕಿಬೀಳುತ್ತದೆ.

ಕದ್ದವರಿಗೆ ಆಗುವ ಪ್ರಯೋಜನವೂ ಕಡಿಮೆ. ಹೆಕ್ಸಾಫ್ಲೋರೈಡ್ ಗಾಳಿಯ ತೇವಕ್ಕೆ ತಾಗಿದ ಕೂಡಲೇ ಸುಟ್ಟುಹಾಕುವ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಪ್ರಪಂಚದಾದ್ಯಂತ ಬಳಸುವ ದೊಡ್ಡ ಸಿಲಿಂಡರ್ ಹನ್ನೆರಡೂವರೆ ಟನ್ ತುಂಬಿಕೊಳ್ಳುತ್ತದೆ, ಕ್ರೇನ್ ಇಲ್ಲದೆ ಅಲ್ಲಾಡುವುದಿಲ್ಲ. ಗಣಿಯಿಂದ ಬರುವ ಹಳದಿ ಪುಡಿಯ ಡ್ರಮ್ 200 ಲೀಟರಿನದು, ಸುಮಾರು 400 ಕಿಲೊ ಸರಕು. ಅದೇ 80 ಡಾಲರ್ ಬೆಲೆಗೆ ಸುಮಾರು 70 ಸಾವಿರ ಡಾಲರ್ ಬಾಳುತ್ತದೆ, ಆದರೆ ಕಾಗದಪತ್ರವಿಲ್ಲದ ಡ್ರಮ್ಮನ್ನು ಕೊಳ್ಳುವ ಸಂಸ್ಕರಣಾ ಘಟಕ ಜಗತ್ತಿನಲ್ಲಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ರತ್ನಹಳ್ಳಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟಿಲ್ಲ, ಅದು ರಕ್ಷಣಾ ವರ್ಗದ ಘಟಕ. ಅಣು ಸರಬರಾಜು ದೇಶಗಳ ಗುಂಪು 2008ರಲ್ಲಿ ಕೊಟ್ಟ ವಿನಾಯಿತಿಯ ನಂತರ ಭಾರತ ಆಮದು ಮಾಡಿಕೊಳ್ಳುವ ಯುರೇನಿಯಂ ತಪಾಸಣೆಗೆ ಒಳಪಟ್ಟ ಸ್ಥಾವರಗಳಿಗೆ ಮಾತ್ರ ಹೋಗಬೇಕು. ಆದ್ದರಿಂದ ಅದು ರತ್ನಹಳ್ಳಿಗೂ ಬರುವುದಿಲ್ಲ, ಕೈಗಾದ ನಾಲ್ಕು ಘಟಕಗಳಿಗೂ ಹೋಗುವುದಿಲ್ಲ. ನಿಮ್ಮ ಗುಂಪಿನಲ್ಲಿ ‘ವಿದೇಶದ ಯುರೇನಿಯಂ ರತ್ನಹಳ್ಳಿಯಲ್ಲಿ’ ಎಂದು ಯಾರಾದರೂ ಬರೆದರೆ ಇಷ್ಟು ಉತ್ತರ ಸಾಕು. ಹೊರಗಿನ ಕಣ್ಣಿಲ್ಲದ ಜಾಗದಲ್ಲಿ ಒಳಗಿನ ಲೆಕ್ಕಪರಿಶೋಧನೆ ಇನ್ನಷ್ಟು ಬಿಗಿಯಾಗಿರಬೇಕು ಎಂದು ಕೇಳುವ ಹಕ್ಕು ನಿಮಗಿದೆ, ಅದರಲ್ಲಿ ದೇಶದ್ರೋಹವೇನೂ ಇಲ್ಲ.

ಪ್ರಮಾಣಪತ್ರದ ಮಾತು. ದಕ್ಷಿಣ ಕೊರಿಯಾದಲ್ಲಿ 2012ರ ಕೊನೆಗೆ ಐದು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳು ನಕಲಿ ಗುಣಮಟ್ಟ ಪತ್ರದ ಮೇಲೆ ಸ್ಥಾವರಗಳ ಒಳಗೆ ಬಂದಿದ್ದು ಬಯಲಾಯಿತು. 2013ರ ಮೇನಲ್ಲಿ ಅದಕ್ಕಿಂತ ಕೆಟ್ಟ ಸುದ್ದಿ: ನಿಯಂತ್ರಣ ಕೇಬಲ್‌ಗಳ ಪರೀಕ್ಷಾ ವರದಿಯನ್ನೇ ತಿದ್ದಲಾಗಿತ್ತು. ಅಪಘಾತವಾದಾಗ ಬಿಸಿ ಹಬೆ, ಒತ್ತಡ, ವಿಕಿರಣದ ನಡುವೆಯೂ ಸುರಕ್ಷತಾ ವ್ಯವಸ್ಥೆಗೆ ಸಂಕೇತ ಮುಟ್ಟಿಸಬೇಕಾದ ಕೇಬಲ್ ಅದು. ದಿನನಿತ್ಯ ಸ್ಥಾವರ ಚೆನ್ನಾಗಿಯೇ ಓಡುತ್ತದೆ. ದೋಷ ಗೊತ್ತಾಗುವುದು ಅಪಘಾತದ ದಿನವೇ. ಸ್ಥಾವರಗಳನ್ನು ನಿಲ್ಲಿಸಿ ಕೇಬಲ್ ಬದಲಿಸಿದರು, ಅಕ್ಟೋಬರ್ ಹೊತ್ತಿಗೆ ನೂರು ಜನರ ಮೇಲೆ ಮೊಕದ್ದಮೆ ಬಿತ್ತು. ಪರೀಕ್ಷಿಸುವ ಸಂಸ್ಥೆಗೆ ಸಂಬಳ ಕೊಡುವವನು ಕೇಬಲ್ ಮಾರುವವನೇ ಆಗಿದ್ದ, ಕೆಡುಕಿನ ಬೇರು ಅಲ್ಲಿತ್ತು. ಅಣು ಉದ್ಯಮದ ಭ್ರಷ್ಟಾಚಾರದಲ್ಲಿ ಜೀವಕ್ಕೆ ಎರವಾಗುವ ಬಗೆ ಇದೊಂದೇ, ಆದರೂ ರಾಜಕೀಯ ಗದ್ದಲದಲ್ಲಿ ಇದರ ಹೆಸರೇ ಕೇಳಿಸುವುದಿಲ್ಲ.

ಇನ್ನು ನೀವು ಏನು ಮಾಡಬಹುದು. ಯುರೇನಿಯಂ ಒಪ್ಪಂದದ ಸುದ್ದಿ ಓದಿದರೆ ಮೊದಲು ಅಳತೆ ಯಾವುದು, ಟನ್ನೋ ಪೌಂಡೋ ಎಂದು ನೋಡಿ. 2015ರ ಏಪ್ರಿಲ್‌ನಲ್ಲಿ ಕೆನಡಾದ ಗಣಿ ಕಂಪನಿ ಕಮೆಕೊ ಜೊತೆ ಭಾರತ ಮಾಡಿಕೊಂಡ ಒಪ್ಪಂದವನ್ನೇ ತೆಗೆದುಕೊಳ್ಳಿ. ಕೆಲವರು 3,000 ಟನ್ ಎಂದು ಬರೆದರು, ಕಂಪನಿ 71 ಲಕ್ಷ ಪೌಂಡ್ ಎಂದಿತು. ಎರಡೂ ಹೆಚ್ಚುಕಡಿಮೆ ಸರಿ, 71 ಲಕ್ಷ ಪೌಂಡ್ ಎಂದರೆ ಸುಮಾರು 3,220 ಟನ್, ಅದು ಆಕ್ಸೈಡ್‌ನ ತೂಕ. ಪೌಂಡ್ ಅಂಕಿಯನ್ನು 2.6ರಿಂದ ಭಾಗಿಸಿದರೆ ನಿಜವಾದ ಯುರೇನಿಯಂ ಸುಮಾರು 2,730 ಟನ್. ಆಗ ಹೇಳಿದ ಮೌಲ್ಯ 35 ಕೋಟಿ ಕೆನಡಾ ಡಾಲರ್. ಪೌಂಡ್‌ಗೆ 49 ಕೆನಡಾ ಡಾಲರ್ ಬಿತ್ತು, ಆಗಿನ ವಿನಿಮಯ ದರದಲ್ಲಿ ಸುಮಾರು 40 ಅಮೆರಿಕನ್ ಡಾಲರ್. ಮಾರುಕಟ್ಟೆಯ ತತ್‌ಕ್ಷಣದ ಬೆಲೆಯೂ ಆಗ 40ರ ಆಸುಪಾಸಿನಲ್ಲೇ ಇತ್ತು. ಹೊಂದಿಕೆಯಾಯಿತು. ಯುರೇನಿಯಂಗೆ ಚಿನ್ನದಂತೆ ಎಲ್ಲರೂ ನೋಡುವ ಪೇಟೆ ಇಲ್ಲದಿದ್ದರೂ ಎರಡು ಸಲಹಾ ಸಂಸ್ಥೆಗಳು ವಾರವಾರ ಬೆಲೆ ಪ್ರಕಟಿಸುತ್ತವೆ. ಲೆಕ್ಕ ಹಾಕಿದ ದರ ಅದಕ್ಕಿಂತ ಕಾಲುಭಾಗ ಹೆಚ್ಚಿದ್ದರೆ, ಮಧ್ಯವರ್ತಿ ಯಾರು ಎಂದು ಕೇಳಬೇಕು. ಗಣಿಯ ಪಾಲು ಕೊಂಡ ಸುದ್ದಿಯಾದರೆ ಅದಿರಿನಲ್ಲಿ ಶೇಕಡಾ ಎಷ್ಟು, ಸಂಪನ್ಮೂಲ ಯಾವ ವರ್ಗದ್ದು, ನೀರು ಎಲ್ಲಿಂದ ಎಂಬ ಮೂರು ಪ್ರಶ್ನೆ ಸಾಕು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ಪೂರ್ತಿ ವಿನಾಯಿತಿ ಪಡೆದ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳ ಪಟ್ಟಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಅಣುಶಕ್ತಿ ಇಲಾಖೆ ಅದರಲ್ಲಿಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆದರೆ ಪುಷ್ಟೀಕರಣದ ಪ್ರಮಾಣ, ಸೆಂಟ್ರಿಫ್ಯೂಜ್ ಸಂಖ್ಯೆ ಕೇಳಿದರೆ ತಿರಸ್ಕಾರ ಖಂಡಿತ, ಅದು ನ್ಯಾಯವೂ ಹೌದು. 2025ರ ಡಿಸೆಂಬರ್‌ನಲ್ಲಿ 1962ರ ಅಣುಶಕ್ತಿ ಕಾಯ್ದೆಯ ಜಾಗಕ್ಕೆ ಸಂಸತ್ತು ತಂದ ‘ಶಾಂತಿ’ ಕಾಯ್ದೆ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯುವುದರ ಜೊತೆಗೆ, ನಿರ್ಬಂಧಿತ ಮಾಹಿತಿಯ ಬೇಲಿಯನ್ನೂ ಗಟ್ಟಿ ಮಾಡಿದೆ. ಬಾಗಿಲು ಅಗಲವಾದಾಗ ಬೇಲಿ ಎತ್ತರವಾಗುವುದು ಒಳ್ಳೆಯ ಲಕ್ಷಣವಲ್ಲ. ಅದಕ್ಕೇ ಅರ್ಜಿಯನ್ನು ಕಿರಿದಾಗಿ ಬರೆಯಿರಿ. ಇಂಥ ವರ್ಷ ಸಿವಿಲ್ ಕಾಮಗಾರಿ, ವಾಹನ, ನೀರು ಸರಬರಾಜಿಗೆ ಕರೆದ ಟೆಂಡರ್ ಎಷ್ಟು, ಒಬ್ಬನೇ ಬಿಡ್‌ದಾರ ಬಂದದ್ದು ಎಷ್ಟು, ಅಂದಾಜಿಗಿಂತ ಎಷ್ಟು ಹೆಚ್ಚಿಗೆ ಕೊಟ್ಟರು ಎಂದು ಕೇಳಿ. ‘ಗೋಪ್ಯ ಭಾಗ ತೆಗೆದು ಉಳಿದದ್ದನ್ನು ಸೆಕ್ಷನ್ 10ರ ಪ್ರಕಾರ ಕೊಡಿ’ ಎಂಬ ಒಂದು ಸಾಲನ್ನು ಮರೆಯದೆ ಸೇರಿಸಿ. ಟೆಂಡರ್ ಪ್ರಕಟಣೆಗಳು ಕೇಂದ್ರ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಹೇಗೂ ಸಿಗುತ್ತವೆ, ಅರ್ಜಿಗೆ ಮುಂಚೆ ಅವನ್ನು ಓದಿಕೊಳ್ಳಿ.

ನಿಮ್ಮ ಪರಿಚಯದವರು ಯಾರಾದರೂ ಇಂಥ ಸಂಸ್ಥೆಯೊಳಗೆ ಕೆಲಸ ಮಾಡುತ್ತಿದ್ದು, ನಕಲಿ ಬಿಲ್ ಅಥವಾ ತಿದ್ದಿದ ಪರೀಕ್ಷಾ ವರದಿ ಕಣ್ಣಾರೆ ನೋಡಿದ್ದರೆ, ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ ಎಂದು ಹೇಳಿ. ಗೋಪ್ಯತೆಯ ಕಾನೂನಿನಡಿ ಅವರೇ ಸಿಕ್ಕಿಕೊಳ್ಳುತ್ತಾರೆ. ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ‘ಸಾರ್ವಜನಿಕ ಹಿತಾಸಕ್ತಿ ಬಹಿರಂಗ’ (ಇಂಗ್ಲಿಷ್ ಕಿರುರೂಪ ಪಿಐಡಿಪಿಐ) ನಿಯಮದಡಿ ದೂರು ಕಳಿಸುವ ದಾರಿಯಿದೆ. ಮುಚ್ಚಿ ಅಂಟಿಸಿದ ಲಕೋಟೆಯ ಮೇಲೆ ‘ಪಿಐಡಿಪಿಐ’ ಎಂದು ಬರೆದಿರಬೇಕು, ಕಳಿಸಿದವರ ಹೆಸರು ಹೊರಗೆ ಇರಬಾರದು. ಹೆಸರು, ವಿಳಾಸ ಒಳಗಿನ ಪತ್ರದಲ್ಲಿ ಇರಲೇಬೇಕು, ಅನಾಮಧೇಯ ದೂರನ್ನು ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ, ಯಾವ ಗುತ್ತಿಗೆಗೆ ಸೇರಿದ್ದು ಎಂಬ ನಾಲ್ಕು ವಿವರ ಮೊದಲ ಪುಟದಲ್ಲೇ ಬರಲಿ.